ಸಂಜೆಯಾದರೆ ತೂಕ ನಿಲ್ಲುವ ಕಂಪ್ಯೂಟರ್: ಹಳೆಯ ಯಂತ್ರಗಳಲ್ಲಿ ಐಆರ್‌ಕ್ಯು ತಿಕ್ಕಾಟದ ಪತ್ತೆ ಮತ್ತು ನಿವಾರಣೆ

ಸುಂಟಿಕೊಪ್ಪದ ಸಮೀಪದ ಒಂದು ಕಾಫಿ ತೋಟದ ಕಚೇರಿಗೆ, ರೊಬಸ್ಟಾ ಕೊಯ್ಲು ಬಿರುಸಾಗಿದ್ದ ಒಂದು ಜನವರಿಯಲ್ಲಿ ನನ್ನನ್ನು ಕರೆಸಿದ್ದರು. ಅಲ್ಲಿ ಹಣ್ಣಿನ ಚೀಲಗಳನ್ನು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಿಂದ ಕಂಪ್ಯೂಟರಿಗೆ ಒಂದು ಸೀರಿಯಲ್ ಕೇಬಲ್ ಎಳೆಯಲಾಗಿತ್ತು. ತಕ್ಕಡಿಯ ಅಂಕಿಯನ್ನು ಡಾಸ್‌ನಲ್ಲಿ ಬರೆದ ಒಂದು ಹಳೆಯ ಪ್ರೋಗ್ರಾಂ ಓದಿ, ಆಳಿನ ಹೆಸರಿನ ಮುಂದೆ ತೂಕವನ್ನು ದಾಖಲಿಸುತ್ತಿತ್ತು. ತೋಟದ ಲೆಕ್ಕ ಬರೆಯುವ ರೈಟರು ಹೇಳಿದ ದೂರು ಇಷ್ಟೇ: "ಸಾರ್, ಬೆಳಗ್ಗೆಯಿಂದ ಎಲ್ಲಾ ಸರಿಯಾಗೇ ಇರುತ್ತೆ. ಸಂಜೆ ಫೋನ್ ಲೈನಿಗೆ ಹಾಕಿದ ಕೂಡಲೇ ತೂಕ ನಿಂತುಹೋಗುತ್ತೆ." ಇದರ ಜೊತೆಗೆ, ಪಕ್ಕದ ಕೋಣೆಯ ಕಂಪ್ಯೂಟರಿನಿಂದ ಕಡತ ನಕಲು ಮಾಡುವಾಗ ಮೌಸ್ ಪರದೆಯ ಮೇಲೆ ಅಂಟಿಕೊಂಡಂತೆ ನಿಂತುಬಿಡುತ್ತದೆ ಎಂದೂ ಅವರು ಸೇರಿಸಿದರು. ನಾನು ಹೋಗುವ ಮೊದಲು ತಕ್ಕಡಿಯ ಕೇಬಲ್ ಬದಲಾಗಿತ್ತು, ಮೌಸ್ ಬದಲಾಗಿತ್ತು, ವಿಂಡೋಸ್ 98 ಅನ್ನು ಎರಡು ಸಲ ಹೊಸದಾಗಿ ಹಾಕಲಾಗಿತ್ತು. ಬದಲಾಯಿಸಬೇಕಾಗಿದ್ದದ್ದು ಫೋನ್ ಲೈನಿಗೆ ಜೋಡಿಸುವ ಮೋಡೆಮ್ ಕಾರ್ಡಿನ ಮತ್ತು ಸೌಂಡ್ ಕಾರ್ಡಿನ ಮೇಲಿದ್ದ ಹೆಸರುಕಾಳಿನಷ್ಟು ದೊಡ್ಡ ಒಂದೊಂದು ಜಂಪರ್ (ಎರಡು ಮೊನೆಗಳನ್ನು ಜೋಡಿಸುವ ಸಣ್ಣ ಟೊಪ್ಪಿ) ಮತ್ತು ನೆಟ್‌ವರ್ಕ್ ಕಾರ್ಡಿನೊಳಗಿನ ಒಂದು ಅಂಕಿ ಮಾತ್ರ.

ರೈಟರ ಮಾತಿನಲ್ಲಿಯೇ ರೋಗದ ಹೆಸರು ಇತ್ತು. ಒಂದು ಸಾಧನ ತಾನೊಂದೇ ಇರುವಾಗ ಸರಿಯಾಗಿ ನಡೆದು, ಇನ್ನೊಂದು ಸಾಧನ ಕೆಲಸಕ್ಕೆ ಇಳಿದ ಕ್ಷಣ ನಿಲ್ಲುವುದಾದರೆ, ಎರಡೂ ಒಂದೇ ಇಂಟರಪ್ಟ್ ತಂತಿಯನ್ನು, ಅಂದರೆ ಪ್ರೊಸೆಸರನ್ನು ಕರೆಯುವ ತಂತಿಯನ್ನು, ಹಂಚಿಕೊಂಡಿರಬಹುದೆಂದು ಮೊದಲು ಶಂಕಿಸಬೇಕು. ಅಂಥ ಯಂತ್ರಗಳನ್ನು ಇನ್ನೂ ನಡೆಸುತ್ತಿರುವವರಿಗಾಗಿ, ಆ ದಿನ ನಾನು ಅನುಸರಿಸಿದ ಕ್ರಮವನ್ನೂ ಅದರ ಹಿಂದಿನ ಕಾರಣಗಳನ್ನೂ ಇಲ್ಲಿ ಬರೆದಿದ್ದೇನೆ.

ತಂತಿಗಳ ಬಡತನ

ಕೀಲಿ ಒತ್ತಿದಾಗ, ಸೀರಿಯಲ್ ಪೋರ್ಟಿಗೆ ಒಂದು ಅಕ್ಷರ ಬಂದಾಗ, ಅಥವಾ ಡಿಸ್ಕ್ ತನಗೆ ಹೇಳಿದ ಓದನ್ನು ಮುಗಿಸಿದಾಗ, ಆ ಸಾಧನ ಪ್ರೊಸೆಸರಿನ ಗಮನ ಸೆಳೆಯಲು ಒಂದು ತಂತಿಯ ಮೇಲೆ ಸಂಕೇತ ಕೊಡುತ್ತದೆ. ಪ್ರೊಸೆಸರ್ ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು, ಆ ತಂತಿಗೆಂದು ಬರೆದಿಟ್ಟ ಡ್ರೈವರಿನ (ಸಾಧನವನ್ನು ನಡೆಸುವ ಪ್ರೋಗ್ರಾಮಿನ) ಭಾಗವನ್ನು ನಡೆಸಿ, ಮತ್ತೆ ಹಿಂದಿನ ಕೆಲಸಕ್ಕೆ ಮರಳುತ್ತದೆ. ಪ್ರತಿ ತಂತಿಗೆ ಕೊಟ್ಟ ಕ್ರಮಸಂಖ್ಯೆಯನ್ನೇ ಐಆರ್‌ಕ್ಯು ಎನ್ನುತ್ತಾರೆ. 1981ರ ಐಬಿಎಂ ಪಿಸಿಯಲ್ಲಿ 8259 ಎಂಬ ಒಂದೇ ಚಿಪ್ ಇದ್ದು, ಅದಕ್ಕೆ 0ರಿಂದ 7ರವರೆಗೆ 8 ತಂತಿಗಳಿದ್ದವು. 1984ರ ಪಿಸಿ-ಎಟಿಯಲ್ಲಿ ಅಂಥದೇ ಎರಡನೆಯ ಚಿಪ್ ಸೇರಿಸಿ, ಅದರ ಬಾಯನ್ನು ಮೊದಲನೆಯ ಚಿಪ್ಪಿನ 2ನೆಯ ತಂತಿಗೆ ಕಟ್ಟಿದರು. ಹೀಗಾಗಿ 16 ಅಂಕಿಗಳಿದ್ದರೂ ಬಳಕೆಗೆ ಸಿಗುವುದು 15. ಹಳೆಯ 8 ಬಿಟ್ ಕಾರ್ಡುಗಳು ಸ್ಲಾಟಿನಲ್ಲಿ 2 ಎಂದು ಹಿಡಿದುಕೊಳ್ಳುವ ಮೊನೆಗೆ ಎಟಿ ಯಂತ್ರದಲ್ಲಿ 9ನೆಯ ತಂತಿಯನ್ನು ಕೊಟ್ಟಿದ್ದಾರೆ. ಕಾರ್ಡಿನ ಮೇಲೆ 2 ಎಂದು ಅಚ್ಚಾಗಿದ್ದರೂ ವಿಂಡೋಸ್ ಅದನ್ನು 9 ಎಂದು ತೋರಿಸುವುದಕ್ಕೆ ಇದೇ ಕಾರಣ. ಎರಡೂ ಒಂದೇ ಎಂದು ತಿಳಿಯದೆ, ಒಂದು ಕಾರ್ಡನ್ನು 2ಕ್ಕೂ ಇನ್ನೊಂದನ್ನು 9ಕ್ಕೂ ಹೊಂದಿಸಿ, ತಿಕ್ಕಾಟ ಎಲ್ಲಿಂದ ಬಂತೆಂದು ಇಡೀ ದಿನ ಹುಡುಕಿದವರನ್ನು ನಾನು ಕಂಡಿದ್ದೇನೆ.

ಈ 15ರಲ್ಲಿ ಬಹುಪಾಲು ಹುಟ್ಟಿನಿಂದಲೇ ಹಂಚಿಹೋಗಿವೆ. 0 ಗಡಿಯಾರದ ಟೈಮರಿಗೆ, 1 ಕೀಲಿಮಣೆಗೆ, 6 ಫ್ಲಾಪಿಗೆ, 8 ದಿನಾಂಕದ ಗಡಿಯಾರಕ್ಕೆ, 13 ಗಣಿತದ ಸಹಪ್ರೊಸೆಸರಿಗೆ, 14 ಮತ್ತು 15 ಡಿಸ್ಕ್ ಡ್ರೈವುಗಳನ್ನು ಜೋಡಿಸುವ ಎರಡು ಐಡಿಇ ಚಾನೆಲ್‌ಗಳಿಗೆ ಸೇರಿವೆ. ಪಿಎಸ್-2 ಮೌಸ್ ಇದ್ದರೆ 12 ಅದರದು. ಪ್ರಿಂಟರಿಗೆ 7 ಎಂದು ರೂಢಿ. ಉಳಿದವುಗಳಲ್ಲಿ ಜಗಳಕ್ಕೆ ಮೂಲವಾಗುವುದು 3 ಮತ್ತು 4. ಸೀರಿಯಲ್ ಪೋರ್ಟುಗಳನ್ನು ಕಾಮ್ ಎಂದು ಎಣಿಸುತ್ತಾರೆ; ಕಾಮ್ 1 ಮತ್ತು ಕಾಮ್ 3 ಎರಡಕ್ಕೂ 4, ಕಾಮ್ 2 ಮತ್ತು ಕಾಮ್ 4 ಎರಡಕ್ಕೂ 3 ಎಂಬುದು ಹಳೆಯ ಕಟ್ಟಳೆ. ನಾಲ್ಕು ಪೋರ್ಟುಗಳ ವಿಳಾಸಗಳು (ಹದಿನಾರರ ಮೂಲದ ಎಣಿಕೆಯಲ್ಲಿ) ಕ್ರಮವಾಗಿ 3ಎಫ್8, 2ಎಫ್8, 3ಇ8, 2ಇ8 ಎಂದು ಬೇರೆಬೇರೆಯಾಗಿರುವುದರಿಂದ, ನಾಲ್ಕೂ ಪೋರ್ಟುಗಳು ಸ್ವತಂತ್ರ ಎಂಬ ಭ್ರಮೆ ಹುಟ್ಟುತ್ತದೆ. ವಿಳಾಸ ಬೇರೆಯಾದರೂ ಕರೆಗಂಟೆ ಒಂದೇ.

ಐಎಸ್‌ಎ ಎಂಬ ಹಳೆಯ ಬಗೆಯ ಸ್ಲಾಟಿನ ಕಾರ್ಡುಗಳು ಆ ಗಂಟೆಯನ್ನು ಹಂಚಿಕೊಳ್ಳಲಾರವು. ತಂತಿಯ ಮಟ್ಟ ಕೆಳಗಿನಿಂದ ಮೇಲಕ್ಕೆ ಏರುವ ಆ ಒಂದು ಕ್ಷಣವನ್ನು ಮಾತ್ರ 8259 ಚಿಪ್ ಗಮನಿಸುತ್ತದೆ. ಒಂದು ಕಾರ್ಡ್ ತಂತಿಯನ್ನು ಮೇಲಕ್ಕೆ ಎಳೆದು ಹಿಡಿದಿರುವಾಗ ಇನ್ನೊಂದು ಕಾರ್ಡ್ ತಾನೂ ಎಳೆದರೆ ಹೊಸ ಏರಿಕೆ ಉಂಟಾಗದು, ಆದ್ದರಿಂದ ಎರಡನೆಯ ಕರೆ ಯಾರಿಗೂ ಕೇಳಿಸುವುದಿಲ್ಲ. ಅಷ್ಟೇ ಅಲ್ಲ, ಒಂದು ಕಾರ್ಡ್ ಮೇಲಕ್ಕೂ ಇನ್ನೊಂದು ಕೆಳಕ್ಕೂ ಒಟ್ಟಿಗೆ ಎಳೆದಾಗ ಸಂಕೇತವೇ ಹಾಳಾಗುತ್ತದೆ. ಸೀರಿಯಲ್ ಪೋರ್ಟುಗಳಲ್ಲಿ ಮಾತ್ರ ಒಂದು ಸಣ್ಣ ವಿನಾಯಿತಿ ಇದೆ. ಪ್ರೋಗ್ರಾಂ ಪೋರ್ಟನ್ನು ತೆರೆಯುವವರೆಗೆ ಅದು ತಂತಿಯಿಂದ ಬೇರ್ಪಟ್ಟಿರುತ್ತದೆ. ಕಾಮ್ 1ರಲ್ಲಿ ತಕ್ಕಡಿ, ಕಾಮ್ 3ರಲ್ಲಿ ಮೋಡೆಮ್ ಇದ್ದೂ ಬೆಳಗಿನಿಂದ ಸಂಜೆಯವರೆಗೆ ಎಲ್ಲವೂ ಸುಗಮವಾಗಿ ನಡೆದದ್ದು ಈ ವಿನಾಯಿತಿಯಿಂದಲೇ.

ಲಕ್ಷಣ ನೋಡಿ ಜಾತಿ ತಿಳಿಯುವುದು

ಇಂಟರಪ್ಟಿನ ತಿಕ್ಕಾಟ, ವಿಳಾಸದ ತಿಕ್ಕಾಟ, ಡಿಎಂಎ (ಪ್ರೊಸೆಸರಿನ ನೆರವಿಲ್ಲದೆ ಸಾಧನ ನೇರವಾಗಿ ಸ್ಮೃತಿಯನ್ನು ಮುಟ್ಟುವ ದಾರಿ) ತಿಕ್ಕಾಟ ಈ ಮೂರೂ ಹೊರನೋಟಕ್ಕೆ ಒಂದೇ ರೀತಿ ಕಂಡರೂ ನಡತೆಯಲ್ಲಿ ಬೇರೆ. ವಿಳಾಸ ತಿಕ್ಕಾಡಿದರೆ ಸಾಧನ ಯಾವಾಗಲೂ ಕೆಟ್ಟಿರುತ್ತದೆ, ಹಲವು ಬಾರಿ ಯಂತ್ರಕ್ಕೆ ಅದರ ಇರವೇ ಕಾಣುವುದಿಲ್ಲ. ಎನ್‌ಇ2000 ಮಾದರಿಯ ನೆಟ್‌ವರ್ಕ್ ಕಾರ್ಡುಗಳು 32 ವಿಳಾಸಗಳನ್ನು ಆಕ್ರಮಿಸುತ್ತವೆ. ಆ ಕಾರ್ಡನ್ನು 360ಕ್ಕೆ ಇಟ್ಟರೆ ಅದರ ಬಾಲ 37ಎಫ್‌ವರೆಗೆ ಚಾಚಿ, 378ರಲ್ಲಿರುವ ಪ್ರಿಂಟರ್ ಪೋರ್ಟಿನ ಮೇಲೆ ಬೀಳುತ್ತದೆ. ಇದನ್ನು ಐಆರ್‌ಕ್ಯು ಬದಲಿಸಿ ಸರಿಪಡಿಸಲಾಗದು, ಕಾರ್ಡನ್ನು 300ಕ್ಕೆ ಸರಿಸಬೇಕು. ಡಿಎಂಎ ತಿಕ್ಕಾಡಿದರೆ ಧ್ವನಿಯಲ್ಲಿ ಕರಕರ ಸದ್ದು, ಫ್ಲಾಪಿಯಲ್ಲಿ ಓದಲು ಬಾರದ ಕಡತ, ಇಸಿಪಿ ಎಂಬ ವೇಗದ ಕ್ರಮದಲ್ಲಿಟ್ಟ ಪ್ರಿಂಟರಿನಲ್ಲಿ ಕಸದ ಅಕ್ಷರಗಳು ಕಾಣಿಸಿಕೊಳ್ಳುತ್ತವೆ.

ಇಂಟರಪ್ಟ್ ತಲುಪದ ಸಾಧನವು ಪೂರ್ತಿ ಸತ್ತಿರುವುದಿಲ್ಲ, ಕಿವುಡಾಗಿರುತ್ತದೆ. ಸೌಂಡ್ ಕಾರ್ಡ್ ಧ್ವನಿಯ ಮೊದಲ ತುಣುಕನ್ನು ನುಡಿಸಿ, ಮುಂದಿನ ತುಣುಕು ಬೇಕೆಂದು ಕೂಗಿದ್ದು ಯಾರಿಗೂ ಕೇಳಿಸದೆ ಅದೇ ತುಣುಕನ್ನು ಸುತ್ತಿಸುತ್ತಿರುತ್ತದೆ. ನೆಟ್‌ವರ್ಕ್ ಕಾರ್ಡಿನ ಡ್ರೈವರ್ ತಕರಾರಿಲ್ಲದೆ ಏರಿಕೊಳ್ಳುತ್ತದೆ, ಕಾರ್ಡಿನ ಸಂಖ್ಯೆಯನ್ನೂ ತೋರಿಸುತ್ತದೆ, ಆದರೆ ಪಿಂಗ್ ಕೊಟ್ಟು ಇನ್ನೊಂದು ಯಂತ್ರವನ್ನು ಕರೆದರೆ ಉತ್ತರವಿಲ್ಲ. ಮೋಡೆಮ್ ಇದೆ ಎಂದು ಗೊತ್ತಾಗುತ್ತದೆ, ಆದರೆ ಅದಕ್ಕೆ ಕೊಟ್ಟ ಆಜ್ಞೆಗೆ ಉತ್ತರ ಹಲವು ಸೆಕೆಂಡು ತಡವಾಗಿ, ಅಕ್ಷರಗಳು ಉದುರಿ ಬರುತ್ತದೆ. ಈ ಮೂರರಲ್ಲಿ ಒಂದನ್ನು ಕಂಡರೂ, ಕಾರ್ಡನ್ನು ಎಸೆಯುವ ಮೊದಲು ಮುಂದಿನ ಪರೀಕ್ಷೆಗಳನ್ನು ಮಾಡಬೇಕು.

ಮೊದಲು ಕಿಲುಬು, ಆಮೇಲೆ ಐಆರ್‌ಕ್ಯು

ಕೊಡಗಿನಲ್ಲಿ ಈ ಕೆಲಸ ಮಾಡುವವನು ಬೇರೆ ಊರಿನ ಕೈಪಿಡಿಗಳು ಹೇಳದ ಒಂದು ಹೆಜ್ಜೆಯನ್ನು ಎಲ್ಲಕ್ಕಿಂತ ಮೊದಲು ಇಡಬೇಕಾಗುತ್ತದೆ. ಜೂನ್‌ನಲ್ಲಿ ಹಿಡಿದ ಮಳೆ ಕಕ್ಕಡವೆಂಬ ಕೊಡವ ತಿಂಗಳು ಕಳೆಯುವವರೆಗೂ ಬಿಡದ ಊರುಗಳಲ್ಲಿ, ಬಟ್ಟೆ ಒಣಗದ ಹಾಗೆಯೇ ಕಂಪ್ಯೂಟರಿನ ಒಳಗೂ ತೇವ ಕೂರುತ್ತದೆ. ಕಾರ್ಡಿನ ಅಂಚಿನ ಹೊಳೆಯುವ ಪಟ್ಟಿಗಳ ಮೇಲೆ ಮತ್ತು ಸ್ಲಾಟಿನ ಒಳಗಿನ ನಾಲಿಗೆಗಳ ಮೇಲೆ ಕಿಲುಬು ಕಟ್ಟುತ್ತದೆ. ಐಆರ್‌ಕ್ಯು ತಂತಿಯ ಪಟ್ಟಿಯೇ ಹಾಗೆ ಮಸುಕಾದರೆ, ಮೇಲೆ ಹೇಳಿದ ಕಿವುಡುತನದ ಲಕ್ಷಣಗಳೆಲ್ಲ ಬರುತ್ತವೆ. ವಿಂಡೋಸ್ ಸಾಧನಗಳನ್ನು ಪಟ್ಟಿಮಾಡುವ ಡಿವೈಸ್ ಮ್ಯಾನೇಜರಿನಲ್ಲಿ ಮಾತ್ರ ಯಾವ ತಿಕ್ಕಾಟವೂ ಕಾಣುವುದಿಲ್ಲ.

ಆದ್ದರಿಂದ ಯಂತ್ರವನ್ನು ಆರಿಸಿ, ಗೋಡೆಯ ಪ್ಲಗ್ಗನ್ನೂ ಫೋನ್ ತಂತಿಯನ್ನೂ ಕಿತ್ತು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಕಾರ್ಡುಗಳನ್ನು ಒಂದೊಂದಾಗಿ ಹೊರತೆಗೆಯಬೇಕು. ಅಂಚಿನ ಪಟ್ಟಿಗಳನ್ನು ಮಕ್ಕಳ ಮೆದು ರಬ್ಬರಿನಿಂದ ಹಗುರವಾಗಿ ಉಜ್ಜಿ, ರಬ್ಬರಿನ ಪುಡಿಯನ್ನು ಬ್ರಷ್ಷಿನಿಂದ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಗಟ್ಟಿಯಾಗಿ ಕೂರಿಸಿ ಸ್ಕ್ರೂ ಹಾಕಬೇಕು. ಮರಳುಕಾಗದ ಬಳಸಕೂಡದು, ಚಿನ್ನದ ಲೇಪ ಹೋದ ಪಟ್ಟಿ ಮುಂದಿನ ಮಳೆಗಾಲಕ್ಕೆ ಮತ್ತೂ ಬೇಗ ಕಿಲುಬು ಹಿಡಿಯುತ್ತದೆ. ಸ್ಲಾಟಿನೊಳಗೆ ಇರುವೆಗಳು ಗೂಡು ಕಟ್ಟಿರುವುದೂ ಉಂಟು.

ಇನ್ನೊಂದು ಸ್ಥಳೀಯ ಕಾರಣ ಸಿಡಿಲು. ಕಾಫಿ ಗಿಡ ಹೂ ಬಿಡುವಂತೆ ಮಾಡುವ ಹೂಮಳೆಯ ಕಾಲದ ಗುಡುಗಿನಲ್ಲಿ ಫೋನ್ ತಂತಿಯ ಮೂಲಕ ಬಂದ ಹೊಡೆತಕ್ಕೆ ಮೋಡೆಮ್ ಕಾರ್ಡ್ ಅರೆಜೀವವಾಗಿ ಉಳಿದರೆ, ಅದು ತನ್ನ ಐಆರ್‌ಕ್ಯು ತಂತಿಯನ್ನು ಸದಾ ಒಂದೇ ಮಟ್ಟದಲ್ಲಿ ಹಿಡಿದಿಡಬಹುದು. ಆಗ ಅದೇ ತಂತಿಯ ನಿರಪರಾಧಿ ಸಾಧನವೂ ನಿಲ್ಲುತ್ತದೆ. ಇಂಥ ಕಾರ್ಡಿನ ಮೇಲೆ ಅಂಕಿಗಳನ್ನು ಬದಲಿಸುತ್ತ ಕೂರುವುದು ವ್ಯರ್ಥ. ಅದನ್ನು ಸ್ಲಾಟಿನಿಂದ ತೆಗೆದಾಗ ಉಳಿದುದೆಲ್ಲ ಸರಿಹೋಗಿ, ಬೇರೆ ಖಾಲಿ ಐಆರ್‌ಕ್ಯುಗೆ ಹೊಂದಿಸಿ ಹಾಕಿದಾಗಲೂ ಅದು ಕೆಲಸ ಮಾಡದಿದ್ದರೆ, ಕಾರ್ಡ್ ಸುಟ್ಟಿದೆ ಎಂದು ತೀರ್ಮಾನಿಸಬಹುದು.

ಕಾಗದದ ಮೇಲಿನ ಪಟ್ಟಿ

ಒರೆಸಿ ಕೂರಿಸಿದ ಮೇಲೂ ದೋಷ ಉಳಿದರೆ, ಏನನ್ನೂ ಬದಲಿಸುವ ಮೊದಲು ಒಂದು ಹಾಳೆಯಲ್ಲಿ 0ರಿಂದ 15ರವರೆಗೆ ಬರೆದು, ಪ್ರತಿ ಅಂಕಿಯ ಮುಂದೆ ಸಾಧನದ ಹೆಸರು, ವಿಳಾಸ, ಡಿಎಂಎ ಇವುಗಳನ್ನು ತುಂಬಬೇಕು. ಈ ಹಾಳೆ ಇಲ್ಲದೆ ನಡೆಸುವ ದುರಸ್ತಿ ಬಹುಮಟ್ಟಿಗೆ ಜೂಜು, ಏಕೆಂದರೆ ಒಂದು ತಿಕ್ಕಾಟವನ್ನು ಬಿಡಿಸುವ ಭರದಲ್ಲಿ ಇನ್ನೊಂದನ್ನು ಹುಟ್ಟಿಸಿರುತ್ತೇವೆ.

ಮಾಹಿತಿಗೆ ಮೂರು ಮೂಲಗಳಿವೆ, ಮೂರನ್ನೂ ಒಂದೇ ಮಟ್ಟದಲ್ಲಿ ನಂಬಲಾಗದು. ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಕಾರ್ಡಿನ ಮೇಲಿನ ಜಂಪರಿಗೆ. ಅದು ಎಲ್ಲಿ ಕೂತಿದೆಯೋ ವಿದ್ಯುತ್ ಅಲ್ಲಿಯೇ ಹರಿಯುತ್ತದೆ. ಜಂಪರ್ ಇಲ್ಲದ ಕಾರ್ಡುಗಳಲ್ಲಿ ಅಂಕಿಗಳು ಕಾರ್ಡಿನೊಳಗಿನ ಸಣ್ಣ ಸ್ಮೃತಿ ಚಿಪ್ಪಿನಲ್ಲಿರುತ್ತವೆ, ಅವುಗಳನ್ನು ಓದಲು ತಯಾರಕರ ಫ್ಲಾಪಿಯಲ್ಲಿ ಬಂದ ಸೆಟಪ್ ಪ್ರೋಗ್ರಾಂ ಬೇಕು. ಎರಡನೆಯದು ವಿಂಡೋಸ್‌ನ ಡಿವೈಸ್ ಮ್ಯಾನೇಜರ್. ವಿಂಡೋಸ್ 95 ಮತ್ತು 98ರಲ್ಲಿ ಪಟ್ಟಿಯ ತುದಿಯಲ್ಲಿರುವ 'ಕಂಪ್ಯೂಟರ್' ಎಂಬ ಸಾಲಿನ ಮೇಲೆ ಎರಡು ಬಾರಿ ಒತ್ತಿದರೆ ಎಲ್ಲ ಐಆರ್‌ಕ್ಯುಗಳೂ ಒಂದೇ ಕಡೆ ಕಾಣುತ್ತವೆ. ಆದರೆ ಅದು ತೋರಿಸುವುದು ವಿಂಡೋಸ್ ನಂಬಿರುವ ಅಂಕಿಯನ್ನು. ಜಂಪರ್ 5ರಲ್ಲಿ ಇದ್ದು ವಿಂಡೋಸ್ 4 ಎಂದು ನಂಬಿದ್ದರೆ ಎಚ್ಚರಿಕೆಯ ಹಳದಿ ಚಿಹ್ನೆ ಬರದೆಯೂ ಇರಬಹುದು. ಮೂರನೆಯದು ಡಾಸ್ 6 ಮತ್ತು ವಿಂಡೋಸ್ 3.1ರ ಜೊತೆ ಬರುತ್ತಿದ್ದ ಎಂಎಸ್‌ಡಿ ಎಂಬ ತಪಾಸಣೆಯ ಪ್ರೋಗ್ರಾಂ. ಅದರ ಐಆರ್‌ಕ್ಯು ಪಟ್ಟಿಯಲ್ಲಿ 'ಕಾಮ್ 2, ಕಾಮ್ 4' ಎಂಬಂತಹ ಸಾಲುಗಳು ರೂಢಿಯನ್ನು ಹೇಳುತ್ತವೆಯೇ ಹೊರತು ನಿಮ್ಮ ಯಂತ್ರದಲ್ಲಿ ನಿಜವಾಗಿ ಇರುವುದನ್ನಲ್ಲ, ಅದರ ಮಾತನ್ನು ಸುಳಿವಾಗಿ ಮಾತ್ರ ತೆಗೆದುಕೊಳ್ಳಬೇಕು.

ತೋಟದ ಯಂತ್ರದ ಹಾಳೆ ತುಂಬಿದಾಗ ಚಿತ್ರ ಸ್ಪಷ್ಟವಾಯಿತು. ತಕ್ಕಡಿ ಕಾಮ್ 1, ಐಆರ್‌ಕ್ಯು 4. ಸೀರಿಯಲ್ ಮೌಸ್ ಕಾಮ್ 2, ಐಆರ್‌ಕ್ಯು 3. ಒಳ ಮೋಡೆಮ್ ಕಾಮ್ 3, ಜಂಪರ್ 4ರಲ್ಲಿ. ನೆಟ್‌ವರ್ಕ್ ಕಾರ್ಡ್ ವಿಳಾಸ 300, ಐಆರ್‌ಕ್ಯು 3. ಸೌಂಡ್ ಕಾರ್ಡ್ ವಿಳಾಸ 220, ಐಆರ್‌ಕ್ಯು 5. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ 7. ಅಂದರೆ 3ರಲ್ಲಿ ಇಬ್ಬರು, 4ರಲ್ಲಿ ಇಬ್ಬರು. ಆದರೆ 10, 11, 12 ಮೂರೂ ಖಾಲಿ ಬಿದ್ದಿದ್ದವು.

ಡಿಬಗ್‌ನಿಂದ ಖಚಿತಪಡಿಸಿಕೊಳ್ಳುವುದು

ಕಾಗದದ ಪಟ್ಟಿ ಸಂಶಯ ಹುಟ್ಟಿಸುತ್ತದೆ, ಅದನ್ನು ಸಾಬೀತುಪಡಿಸಲು ಡಾಸ್‌ನ ಡಿಬಗ್ ಎಂಬ ಹಳೆಯ ಸಾಧನ ಸಾಕು. ವಿಂಡೋಸ್‌ನ ಒಳಗಿನ ಡಾಸ್ ಕಿಟಕಿಯಲ್ಲಿ ಇದನ್ನು ಮಾಡಬಾರದು, ಅಲ್ಲಿ ಸಿಗುವ ಅಂಕಿ ವಿಂಡೋಸ್ ನಮಗಾಗಿ ಕಟ್ಟಿಕೊಟ್ಟ ನಕಲಿ. ಯಂತ್ರವನ್ನು ಬರಿಯ ಡಾಸ್‌ಗೆ ಎಬ್ಬಿಸಿ, ಡಿಬಗ್ ಎಂದು ಕೊಟ್ಟು, ಅದರ ಗೆರೆಚಿಹ್ನೆಯ ಮುಂದೆ 'ಐ' ಅಕ್ಷರ, ಒಂದು ಖಾಲಿ ಜಾಗ, 21 ಎಂದು ಒತ್ತಿದರೆ ಮೊದಲ 8259 ಚಿಪ್ಪಿನ ಮುಸುಕು ಅಂಕಿ ಎರಡು ಅಕ್ಷರಗಳಲ್ಲಿ ಬರುತ್ತದೆ. ಎರಡನೆಯ ಚಿಪ್ಪಿನದು ಎ1ರಲ್ಲಿದೆ. ಎಂಟು ಬಿಟ್‌ಗಳಲ್ಲಿ ಬಲತುದಿಯದು 0ನೆಯ ಐಆರ್‌ಕ್ಯು, ಎಡತುದಿಯದು 7ನೆಯದು. ಬಿಟ್ 1 ಆಗಿದ್ದರೆ ಆ ತಂತಿ ಮುಚ್ಚಿದೆ, 0 ಆಗಿದ್ದರೆ ತೆರೆದಿದೆ.

ಏನೂ ಏರಿಸದ ಡಾಸ್‌ನಲ್ಲಿ ಸಾಮಾನ್ಯವಾಗಿ ಬಿ8 ಬರುತ್ತದೆ. ಬಿಡಿಸಿ ಬರೆದರೆ 10111000, ಅಂದರೆ ಟೈಮರ್, ಕೀಲಿಮಣೆ, ಎರಡನೆಯ ಚಿಪ್ಪಿನ ಕೊಂಡಿ, ಫ್ಲಾಪಿ ಇಷ್ಟೇ ತೆರೆದಿವೆ. ಕಾಮ್ 2ರ ಮೌಸಿಗೆ ಡಾಸ್ ಡ್ರೈವರ್ ಏರಿಸಿ ಮತ್ತೆ ಓದಿದರೆ ಅದು ಬಿ0 ಆಗಬೇಕು, ಕಾಮ್ 1ರಲ್ಲಿ ಮೌಸ್ ಇದ್ದರೆ ಎ8. ಹೀಗೆ ಒಂದೊಂದೇ ಡ್ರೈವರನ್ನು ಏರಿಸುತ್ತ ಪ್ರತಿ ಸಲ ಅಂಕಿಯನ್ನು ಬರೆದುಕೊಂಡರೆ, ಯಾವ ಡ್ರೈವರ್ ಯಾವ ತಂತಿಯನ್ನು ತೆರೆಯಿತು ಎಂಬುದು ಊಹೆಯಾಗಿ ಉಳಿಯುವುದಿಲ್ಲ. ಆ ದಿನ ಮೌಸ್ ಏರಿದಾಗ ಬಿ0 ಬಂತು. ಅದರ ಮೇಲೆ ನೆಟ್‌ವರ್ಕ್ ಡ್ರೈವರ್ ಏರಿಸಿದರೂ ಬಿ0 ಬಿ0 ಆಗಿಯೇ ಉಳಿಯಿತು, ಎ1ರ ಅಂಕಿಯೂ ಕದಲಲಿಲ್ಲ. ಹೊಸ ಡ್ರೈವರ್ ಏರಿದರೂ ಹೊಸ ಬಾಗಿಲು ತೆರೆಯದಿದ್ದರೆ, ಅದು ಆಗಲೇ ತೆರೆದ ಬಾಗಿಲಲ್ಲೇ ನುಸುಳಿದೆ ಎಂದರ್ಥ. ಮೌಸ್ ಏಕೆ ಅಂಟಿಕೊಳ್ಳುತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿರಲಿಲ್ಲ.

ಅದೇ ಡಿಬಗ್‌ನಲ್ಲಿ 'ಡಿ 40:0' ಎಂದು ಕೊಟ್ಟರೆ ಬಯೋಸ್ (ಯಂತ್ರ ಹಚ್ಚಿದಾಗ ಮೊದಲು ನಡೆಯುವ, ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಗುರುತಿಸಿದ ಸೀರಿಯಲ್ ಪೋರ್ಟುಗಳ ವಿಳಾಸಗಳು ಸಾಲಾಗಿ ಕಾಣುತ್ತವೆ, ಕಡೆಯ ಭಾಗ ಮೊದಲಾಗಿ: 'ಎಫ್8 03' ಎಂದರೆ 3ಎಫ್8. ತಯಾರಕರ ಹಾಳೆ ಕಳೆದುಹೋದ ಮೋಡೆಮ್ ಕಾರ್ಡಿನ ವಿಳಾಸ ತಿಳಿಯಲು ಇದು ಕೆಲವೊಮ್ಮೆ ನೆರವಾಗುತ್ತದೆ. ಕಾರ್ಡ್ ಇದ್ದಾಗ ಒಮ್ಮೆ, ತೆಗೆದಾಗ ಒಮ್ಮೆ ನೋಡಿ ಹೋಲಿಸಬೇಕು.

ಲಿನಕ್ಸ್ ಇರುವವರಿಗೆ ಈ ಶ್ರಮವಿಲ್ಲ. ಪ್ರಾಕ್ ಕೋಶದೊಳಗಿನ ಇಂಟರಪ್ಟ್ಸ್ ಎಂಬ ಕಡತವನ್ನು ತೆರೆದರೆ ಪ್ರತಿ ಐಆರ್‌ಕ್ಯುಗೆ ಈವರೆಗೆ ಎಷ್ಟು ಕರೆ ಬಂದಿದೆ ಎಂಬ ಎಣಿಕೆ ಸಿಗುತ್ತದೆ. ಸಾಧನವನ್ನು ದುಡಿಸುತ್ತಿರುವಾಗಲೂ ಅದರ ಎಣಿಕೆ ಏರದಿದ್ದರೆ ಅದು ಕಿವುಡು.

ಬಿಡಿಸಿದ ಬಗೆ

ಖಾಲಿ ತಂತಿಗಳಿದ್ದ ಮಾತ್ರಕ್ಕೆ ಯಾವ ಕಾರ್ಡನ್ನಾದರೂ ಅಲ್ಲಿಗೆ ಕಳುಹಿಸಲಾಗುವುದಿಲ್ಲ. ಮೋಡೆಮ್ 8 ಬಿಟ್ ಕಾರ್ಡ್. ಅದರ ಅಂಚು ಗಿಡ್ಡ, 10ರಿಂದ ಮೇಲಿನ ತಂತಿಗಳು ಅದಕ್ಕೆ ಮುಟ್ಟುವುದೇ ಇಲ್ಲ. ಅದರ ಜಂಪರಿನಲ್ಲಿ 3, 4, 5, 7 ಮಾತ್ರ ಇದ್ದವು. ಮೊದಲು ಅತ್ಯಂತ ಬಡ ಕಾರ್ಡಿಗೆ ಜಾಗ ಕೊಟ್ಟು, ಹೆಚ್ಚು ಆಯ್ಕೆಗಳಿರುವ ಕಾರ್ಡನ್ನು ಕೊನೆಗೆ ಕೂರಿಸುವುದು ಇಲ್ಲಿನ ಸೂತ್ರ. ಆದ್ದರಿಂದ ಮೋಡೆಮಿಗೆ 5 ಕೊಡಲು ನಿರ್ಧರಿಸಿ, ಅಲ್ಲಿದ್ದ ಸೌಂಡ್ ಕಾರ್ಡನ್ನು ಅದರ ಜಂಪರಿನ 10ಕ್ಕೆ ಸರಿಸಿದೆ. ತೋಟದ ಕಚೇರಿಗೆ ಸೌಂಡ್ ಕಾರ್ಡ್ ಏಕೆ ಎಂದು ಕೇಳಿದ್ದೆ. ಭಾನುವಾರ ಮಕ್ಕಳು ಆಟವಾಡುತ್ತಾರೆ ಎಂದರು. ಹಳೆಯ ಡಾಸ್ ಆಟಗಳು ನೋಡುವ 'ಬ್ಲಾಸ್ಟರ್' ಎಂಬ ಸಾಲಿನಲ್ಲಿ ಐ5 ಎಂದಿದ್ದುದನ್ನು ಐ10 ಎಂದು ತಿದ್ದಲು ಮರೆಯಬಾರದು, ಆ ಸಾಲು ಆಟೊಎಕ್ಸೆಕ್ ಕಡತದಲ್ಲಿರುತ್ತದೆ. 5 ಅಥವಾ 7 ಬಿಟ್ಟು ಬೇರೇನನ್ನೂ ಒಪ್ಪದ ಆಟಗಳೂ ಇವೆ, ಮಕ್ಕಳಿಗೆ ಅಷ್ಟು ನಷ್ಟ ಆಯಿತು.

ನೆಟ್‌ವರ್ಕ್ ಕಾರ್ಡ್ 16 ಬಿಟ್ಟಿನದು, ಜಂಪರ್ ಇಲ್ಲದ್ದು. ಅದನ್ನು ತಯಾರಕರ ಸೆಟಪ್ ಪ್ರೋಗ್ರಾಮಿನಿಂದ 11ಕ್ಕೆ ಬದಲಿಸಿದೆ. ಈ ಪ್ರೋಗ್ರಾಮನ್ನು ಕೂಡ ಬರಿಯ ಡಾಸ್‌ನಲ್ಲಿ, ನೆಟ್‌ವರ್ಕ್ ಡ್ರೈವರ್ ಏರಿಸದೆ ನಡೆಸಬೇಕು. ಬರೆದ ಅಂಕಿ ನೆಲೆಗೊಳ್ಳಲು ಯಂತ್ರವನ್ನು ಪೂರ್ತಿ ಆರಿಸಿ ಹಚ್ಚುವುದು ಲೇಸು, ರೀಸೆಟ್ ಗುಂಡಿಯನ್ನು ನೆಚ್ಚಬಾರದು.

ಪ್ರತಿ ಬದಲಾವಣೆಯ ನಂತರ ವಿಂಡೋಸ್‌ಗೂ ಅದನ್ನು ತಿಳಿಸಬೇಕು, ಅದು ತಾನಾಗಿ ಅರಿಯುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಕಾಮ್ 3ರ ರಿಸೋರ್ಸಸ್ ಪುಟ ತೆರೆದು, ತಾನಾಗಿ ಹೊಂದಿಸುವ ಗುರುತನ್ನು ತೆಗೆದು, ಮೇಲಿನ ಪಟ್ಟಿಯಲ್ಲಿ ಬೇರೆಬೇರೆ ಮೂಲ ಸಂಯೋಜನೆಗಳನ್ನು ಆರಿಸಿ ನೋಡಬೇಕು. ಕೆಲವು ಸಂಯೋಜನೆಗಳು ಐಆರ್‌ಕ್ಯು ಮುಟ್ಟಲು ಬಿಡುವುದಿಲ್ಲ, ಮುಟ್ಟಲು ಬಿಡುವುದು ಸಿಗುವವರೆಗೆ ಕೆಳಗಿಳಿಯಬೇಕು. ಅಲ್ಲಿ 5 ಎಂದು ಕೊಟ್ಟಾಗ ಕೆಳಗಿನ ಪೆಟ್ಟಿಗೆಯಲ್ಲಿ ತಿಕ್ಕಾಟವಿಲ್ಲ ಎಂಬ ಮಾತು ಬರಬೇಕು. ಈ ಹೆಜ್ಜೆಯಲ್ಲಿ ಒಂದು ಸಲಕ್ಕೆ ಒಂದೇ ಕಾರ್ಡ್ ಎಂಬ ಶಿಸ್ತನ್ನು ಬಿಡಕೂಡದು. ಮೂರನ್ನೂ ಒಟ್ಟಿಗೆ ಬದಲಿಸಿ ಯಂತ್ರ ಏಳದೆ ಹೋದರೆ, ಯಾರನ್ನು ದೂರುವುದೆಂದೇ ತಿಳಿಯದು.

ಪರೀಕ್ಷೆಯನ್ನೂ ರೋಗಕ್ಕೆ ತಕ್ಕಂತೆಯೇ ಮಾಡಬೇಕು. ಮೋಡೆಮ್ ಡಯಲ್ ಆಗುತ್ತದೆಯೇ ಎಂದು ಒಮ್ಮೆ, ತೂಕ ಬರುತ್ತದೆಯೇ ಎಂದು ಇನ್ನೊಮ್ಮೆ ನೋಡಿದರೆ ಹಳೆಯ ಯಂತ್ರವೂ ಪಾಸಾಗುತ್ತಿತ್ತು. ಮೋಡೆಮ್ ಲೈನಿನಲ್ಲಿರುವಾಗಲೇ ತಕ್ಕಡಿಯ ಮೇಲೆ ಚೀಲ ಇಟ್ಟು ತೆಗೆದು ಇಟ್ಟು, ಅದೇ ಹೊತ್ತಿಗೆ ಪಕ್ಕದ ಕೋಣೆಯಿಂದ ಒಂದು ದೊಡ್ಡ ಕಡತವನ್ನು ಎಳೆಯುತ್ತ, ಮೌಸನ್ನು ವೃತ್ತಾಕಾರವಾಗಿ ತಿರುಗಿಸುತ್ತ ಅರ್ಧ ಗಂಟೆ ನೋಡಿದೆವು. ತೂಕ ನಿಲ್ಲಲಿಲ್ಲ, ಮೌಸ್ ಅಂಟಲಿಲ್ಲ.

ಪ್ರಿಂಟರ್ ಇರುವ 7ರ ಬಗ್ಗೆ ಒಂದು ಮಾತು. ಡಾಸ್ ಮತ್ತು ವಿಂಡೋಸ್ ಸಾಮಾನ್ಯ ಕ್ರಮದ ಮುದ್ರಣಕ್ಕೆ ಈ ಇಂಟರಪ್ಟನ್ನು ಬಳಸದೆ, ಪ್ರಿಂಟರ್ ಸಿದ್ಧವೇ ಎಂದು ತಾವೇ ಮತ್ತೆ ಮತ್ತೆ ಕೇಳುತ್ತವೆ. ಹೀಗಾಗಿ ಬೇರೆ ದಾರಿಯೇ ಇಲ್ಲದಾಗ, ಬಯೋಸ್‌ನಲ್ಲಿ ಪೋರ್ಟನ್ನು ಇಸಿಪಿಯಿಂದ ಸಾಮಾನ್ಯ ಕ್ರಮಕ್ಕೆ ತಂದು, 7ನ್ನು ಇನ್ನೊಂದು ಕಾರ್ಡಿಗೆ ಸಾಲವಾಗಿ ಕೊಡಬಹುದು. ಆದರೆ ಬೇರೆ ತಂತಿಗಳಲ್ಲಿ ಬಂದು ಅಷ್ಟರಲ್ಲೇ ಮಾಯವಾದ ಅಡ್ಡಾದಿಡ್ಡಿ ಸಂಕೇತಗಳನ್ನು 8259 ಚಿಪ್ 7ರ ಲೆಕ್ಕಕ್ಕೇ ಬರೆಯುತ್ತದೆ. ಆದ್ದರಿಂದ 7ನ್ನು ನಾನು ಕೊನೆಯ ಆಯ್ಕೆಯಾಗಿಯೇ ಇಟ್ಟುಕೊಳ್ಳುತ್ತೇನೆ.

ಪಿಸಿಐ ಮತ್ತು ಪ್ಲಗ್ ಅಂಡ್ ಪ್ಲೇ ಬಂದ ಮೇಲೆ

ಐಎಸ್‌ಎ ನಂತರ ಬಂದ ಪಿಸಿಐ ಸ್ಲಾಟಿನ ಕಾರ್ಡುಗಳ ಸಂಕೇತ ಮಟ್ಟವನ್ನು ಆಧರಿಸಿದ್ದು. ಯಾರಾದರೂ ತಂತಿಯನ್ನು ಕೆಳಗೆ ಎಳೆದು ಹಿಡಿದಿರುವವರೆಗೂ ಕರೆ ಜೀವಂತವಾಗಿರುವುದರಿಂದ, ಎರಡು ಪಿಸಿಐ ಕಾರ್ಡುಗಳು ಒಂದೇ ಐಆರ್‌ಕ್ಯುನಲ್ಲಿ ಕಂಡರೆ ಅದು ತಿಕ್ಕಾಟವಲ್ಲ. ಪಿಸಿಐ ಮತ್ತು ಐಎಸ್‌ಎ ಕಾರ್ಡುಗಳು ಒಂದೇ ಅಂಕಿಗೆ ಬಿದ್ದರೆ ಮಾತ್ರ ತಿಕ್ಕಾಟ. ಇದನ್ನು ತಡೆಯಲು ಬಯೋಸ್‌ನ ಪಿಎನ್‌ಪಿ (ಪ್ಲಗ್ ಅಂಡ್ ಪ್ಲೇ, ಕಾರ್ಡುಗಳಿಗೆ ತಾನಾಗಿ ಅಂಕಿ ಹಂಚುವ ವ್ಯವಸ್ಥೆ) ಪುಟದಲ್ಲಿ, ನಾವೇ ಅಂಕಿ ಹೊಂದಿಸಿದ ಐಎಸ್‌ಎ ಕಾರ್ಡುಗಳ ಐಆರ್‌ಕ್ಯುಗಳನ್ನು 'ಲೆಗಸಿ ಐಎಸ್‌ಎ' ಎಂದು ಕಾಯ್ದಿರಿಸಬೇಕು. ತೋಟದ ಯಂತ್ರದಲ್ಲಿ 5, 10, 11 ಮೂರನ್ನೂ ಹೀಗೆ ಕಾದಿರಿಸಿದಾಗ ಪಿಸಿಐ ಡಿಸ್‌ಪ್ಲೇ ಕಾರ್ಡ್ ತಾನಾಗಿ 9ಕ್ಕೆ ಹೋಯಿತು. ಜೊತೆಗೆ, ಹಂಚಿಕೆಯ ಹಳೆಯ ದಾಖಲೆಯನ್ನು ಅಳಿಸುವ ಆಯ್ಕೆಯನ್ನು ಒಮ್ಮೆ ಎನೇಬಲ್ ಮಾಡಿ ಉಳಿಸಿ ಹೊರಬರಬೇಕು, ಇಲ್ಲವಾದರೆ ಬಯೋಸ್ ಹಳೆಯ ಹಂಚಿಕೆಯನ್ನೇ ಹಿಡಿದು ಕೂರಬಹುದು.

ಪಿಸಿಐ ಕಾರ್ಡಿನ ಐಆರ್‌ಕ್ಯುವನ್ನು ಬದಲಿಸಲೇಬೇಕಾದರೆ ಅದನ್ನು ಬೇರೆ ಸ್ಲಾಟಿಗೆ ಹಾಕುವುದು ಸುಲಭದ ದಾರಿ, ಏಕೆಂದರೆ ಸ್ಲಾಟುಗಳ ತಂತಿಗಳನ್ನು ಮದರ್‌ಬೋರ್ಡಿನಲ್ಲೇ ಸರದಿಯಂತೆ ತಿರುಗಿಸಿ ಜೋಡಿಸಿರುತ್ತಾರೆ. ಡಿಸ್‌ಪ್ಲೇ ಕಾರ್ಡಿಗೆಂದೇ ಮೀಸಲಾದ ಎಜಿಪಿ ಸ್ಲಾಟ್ ಇರುವ ಹಲವು ಬೋರ್ಡುಗಳಲ್ಲಿ ಎಜಿಪಿ ಮತ್ತು ಅದರ ಪಕ್ಕದ ಪಿಸಿಐ ಸ್ಲಾಟ್ ಒಂದೇ ತಂತಿಯಲ್ಲಿರುತ್ತವೆ. ಆ ಸ್ಲಾಟಿನಲ್ಲಿ ಸೌಂಡ್ ಕಾರ್ಡ್ ಹಾಕದಿರುವುದು ಒಳ್ಳೆಯದು.

ವಿಂಡೋಸ್ 98ರ ಪಟ್ಟಿಯಲ್ಲಿ ಕಾಣುವ 'ಪಿಸಿಐ ಸ್ಟೀರಿಂಗಿಗಾಗಿ ಐಆರ್‌ಕ್ಯು ಹೋಲ್ಡರ್' ಎಂಬ ಸಾಲನ್ನು ನೋಡಿ ಹಲವರು ಗಾಬರಿಯಾಗುತ್ತಾರೆ. ಅದು ಸಾಧನವಲ್ಲ, ಕಾಯ್ದಿರಿಸಿದ ಚೀಟಿ ಮಾತ್ರ. ವಿಂಡೋಸ್ 2000 ಮತ್ತು ಎಕ್ಸ್‌ಪಿಯಲ್ಲಿ ಎಸಿಪಿಐ (ವಿದ್ಯುತ್ ಮತ್ತು ಸಾಧನಗಳ ನಿರ್ವಹಣೆಯನ್ನು ವಿಂಡೋಸ್‌ಗೆ ಒಪ್ಪಿಸುವ ವ್ಯವಸ್ಥೆ) ಇರುವ ಯಂತ್ರದ ಪಿಸಿಐ ಕಾರ್ಡುಗಳೆಲ್ಲ 9ರಲ್ಲಿಯೇ ಗುಂಪುಗೂಡಿ ಕಂಡರೂ, 16ರಿಂದ 23ರವರೆಗಿನ ಅಂಕಿಗಳು ಕಂಡರೂ ಅದು ರೋಗವಲ್ಲ. ನಿಜವಾದ ತೊಂದರೆಯನ್ನು ಸೂಚಿಸುವುದು ಹಳದಿ ಚಿಹ್ನೆ ಮತ್ತು ಅದರ ಹಿಂದಿನ 12ನೆಯ ಕೋಡ್, ಸಾಧನಕ್ಕೆ ಬೇಕಾದಷ್ಟು ಸಂಪನ್ಮೂಲ ಸಿಗಲಿಲ್ಲ ಎಂಬುದು ಅದರ ಅರ್ಥ. ಹಾಗೆ ಬಂದಾಗ ಹೊಸದನ್ನು ಸೇರಿಸುವುದಕ್ಕಿಂತ, ಯಾರೂ ಬಳಸದ ಎರಡನೆಯ ಸೀರಿಯಲ್ ಪೋರ್ಟನ್ನೋ ಖಾಲಿ ಐಡಿಇ ಚಾನೆಲನ್ನೋ ಬಯೋಸ್‌ನಲ್ಲಿ ಮುಚ್ಚಿ ಒಂದು ತಂತಿಯನ್ನು ಬಿಡಿಸಿಕೊಳ್ಳುವುದು ಬೇಗ ಫಲ ಕೊಡುತ್ತದೆ.

ಸರಿಹೋದದ್ದು ಮತ್ತೆ ಮರುಕಳಿಸಿದರೆ

ಎರಡು ತಿಂಗಳ ನಂತರ ಅದೇ ತೋಟದಿಂದ ಮತ್ತೆ ಫೋನ್ ಬಂತು. ಸೌಂಡ್ ಕಾರ್ಡ್ ಹಠಾತ್ತಾಗಿ ಒಂದೇ ತುಣುಕನ್ನು ಸುತ್ತಿಸತೊಡಗಿತ್ತು. ಜಂಪರುಗಳನ್ನು ಯಾರೂ ಮುಟ್ಟಿರಲಿಲ್ಲ. ಯಂತ್ರ ಹಚ್ಚಿದಾಗ ದಿನಾಂಕ ಕೇಳುತ್ತದೆಯೇ ಎಂದು ವಿಚಾರಿಸಿದೆ, ಹೌದು ಎಂದರು. ಮದರ್‌ಬೋರ್ಡಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಸತ್ತಿತ್ತು. ಕರೆಂಟ್ ಹೋದ ರಾತ್ರಿ ಬಯೋಸ್ ತನ್ನ ಹುಟ್ಟುಗುಣಕ್ಕೆ ಮರಳಿ, ನಾವು ಕಾದಿರಿಸಿದ್ದ ಮೂರೂ ತಂತಿಗಳನ್ನು ಪಿಸಿಐಗೆ ಬಿಟ್ಟುಕೊಟ್ಟಿತ್ತು, ಡಿಸ್‌ಪ್ಲೇ ಕಾರ್ಡ್ 10ರಲ್ಲಿ ಬಂದು ಕೂತಿತ್ತು. ದಿನಗಟ್ಟಲೆ ವಿದ್ಯುತ್ ಇಲ್ಲದಿರುವುದು ಅಪರೂಪವಲ್ಲದ ನಮ್ಮಲ್ಲಿ ಈ ಬ್ಯಾಟರಿಯ ಮೇಲೆ ಬೀಳುವ ಹೊರೆ ಹೆಚ್ಚು. ಹೊಸದರ ವೋಲ್ಟೇಜ್ 3 ಅಥವಾ ತುಸು ಹೆಚ್ಚು ಇರುತ್ತದೆ, ಮೀಟರಿನಲ್ಲಿ 2.7ಕ್ಕಿಂತ ಕೆಳಗೆ ತೋರಿಸಿದರೆ ಬದಲಿಸಬೇಕು. 386 ಮತ್ತು 486 ಕಾಲದ ಬೋರ್ಡುಗಳಲ್ಲಿ ಇರುವ ಪೀಪಾಯಿಯಾಕಾರದ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಅದು ಇನ್ನೂ ಸೋರಿರದಿದ್ದರೂ ಕತ್ತರಿಸಿ ತೆಗೆಯುವುದು ಕ್ಷೇಮ.

ಹೊಸ ಬ್ಯಾಟರಿ ಹಾಕಿ, ಬಯೋಸ್‌ನ ಮೂರು ಸಾಲುಗಳನ್ನು ಮತ್ತೆ ತುಂಬಲು ಹತ್ತು ನಿಮಿಷ ಸಾಕಾಯಿತು, ಏಕೆಂದರೆ ಮೊದಲ ದಿನದ ಐಆರ್‌ಕ್ಯು ಹಾಳೆಯನ್ನು ರೈಟರು ಪ್ಲಾಸ್ಟಿಕ್ ಹೊದಿಕೆಗೆ ಸೇರಿಸಿ ಕ್ಯಾಬಿನೆಟ್ಟಿನ ಮುಚ್ಚಳದ ಒಳಮೈಗೆ ಅಂಟಿಸಿದ್ದರು. ಅದರ ಕೆಳಗೆ ಬ್ಯಾಟರಿ ಬದಲಿಸಿದ ತಾರೀಖನ್ನೂ ಬರೆದು ಮುಚ್ಚಳ ಹಾಕಿದೆವು.